ಭಾನುವಾರ ಕುಂಜಿ ಯಾರ ಪಕ್ಕದಲ್ಲಿ

ತೆಕ್ಕೇಪರಂಬಿಲ್ ಮನೆ
4 ನವೆಂಬರ್ 1974

ಕಡವಿಲ್ ಉಲಹನ್ನಾನ್ ಅವರಿಗೆ,

ಬೀಗರೇ ಎಂದು ಬರೆಯಬೇಕಾದ ಜಾಗ ಇದು. ಬರೆದಿಲ್ಲ. ಕಾರಣ ನಿಮಗೇ ಗೊತ್ತು. ನನ್ನ ಮಗ ಪುನ್ನೂಸನ ಮದುವೆಯ ದಿನ ಮದುಮಗಳ ತಂದೆ ನಮ್ಮ ಚರ್ಚಿನ ಒಳಗೆ ಕಾಲಿಡದೆ ಅಂಗಳದ ಮಾವಿನ ಮರದಡಿ ಕೊಡೆ ಬಿಡಿಸಿಕೊಂಡು ನಿಂತಿದ್ದರು. ಮಳೆ ಕೂಡ ಇರಲಿಲ್ಲ. ಅವತ್ತಿನಿಂದ ನಿಮ್ಮ ಜೊತೆ ನನಗೆ ಮಾತಿಲ್ಲ. ಮಾತಾಡುವ ಮನಸ್ಸು ಇವತ್ತೂ ಇಲ್ಲದ್ದರಿಂದ ಬರೆಯುತ್ತಿದ್ದೇನೆ. ನಡುವೆ ಇರುವುದು ಒಂದು ಗದ್ದೆಯಾದರೂ ಸ್ಟ್ಯಾಂಪು ಹಚ್ಚಿ ಅಂಚೆಗೇ ಹಾಕಿದ್ದೇನೆ. ಮಾತು ಬಿಟ್ಟವರ ಮನೆಗೆ ಆಳಿನ ಕೈಯಲ್ಲಿ ಚೀಟಿ ಕಳಿಸುವುದು ಸರಿಯಲ್ಲ.

ವಿಷಯ ಇದು. ಭಿಲಾಯಿಯಲ್ಲಿ ನಿಮ್ಮ ಮಗಳು ಸೋಸ ಹೆರಿಗೆಯವರೆಗೆ ಮಂಚದಿಂದ ಇಳಿಯಬಾರದು ಎಂದು ಡಾಕ್ಟರು ಹೇಳಿದ್ದಕ್ಕೆ ಮೊಮ್ಮಗಳನ್ನು ಊರಿಗೆ ಕಳಿಸಿದ್ದಾರೆ. ಮರಳಲ್ಲಿ ಅಕ್ಷರ ತಿದ್ದಿಸುವ ಆಶಾನ್ ನಿಮ್ಮ ಮನೆಯ ಪಕ್ಕದಲ್ಲೇ ಇರುವುದರಿಂದ ಅವಳು ನಿಮ್ಮಲ್ಲಿ ಇರಲಿ ಎಂದು ಪುನ್ನೂಸನಿಗೆ ಬರೆದೆ. ವಾರದ ದಿನಗಳಿಗೆ ಒಪ್ಪಿದ್ದು ನಿಜ. ಭಾನುವಾರಕ್ಕೆ ಯಾರು ಒಪ್ಪಿದರು? ನಿನ್ನೆ ನೀವು ಅವಳನ್ನು ನಿಮ್ಮ ಕೆಳಗಿನ ಚರ್ಚಿಗೆ ಕರೆದುಕೊಂಡು ಹೋಗಿ ಗಂಡಸರ ಕಡೆ ನಿಲ್ಲಿಸಿಕೊಂಡಿರಂತೆ. ನಮ್ಮ ಬಾತುಕೋಳಿ ನೋಡಿಕೊಳ್ಳುವ ಕೆಲಸದವಳು ಮರಿಯ, ಕಣ್ಣಾರೆ ನೋಡಿ ಬಂದು ಹೇಳಿದಳು.

ಮಗು ತಂದೆಯ ಚರ್ಚಿಗೆ ಸೇರಿದ್ದು. ಜ್ಞಾನಸ್ನಾನ ಆದದ್ದು ನಮ್ಮ ಮೇಲಿನ ಚರ್ಚಿನಲ್ಲಿ. ನೀವು ಕುಂಜಿ ಎಂದು ಕೂಗಿದರೂ ಅವಳಿಗೆ ಇಟ್ಟಿರುವುದು ನನ್ನ ಹೆಸರು. ಮುಂದಿನ ಭಾನುವಾರ ಮೊದಲ ಗಂಟೆ ಹೊಡೆಯುವ ಮುಂಚೆ ಅವಳನ್ನು ನಮ್ಮ ಚರ್ಚಿನ ಬಾಗಿಲಿಗೆ ತಲುಪಿಸಿ. ನೀವು ಒಳಗೆ ಬರಬೇಕಾಗಿಲ್ಲ, ಅಭ್ಯಾಸ ಇದೆಯಲ್ಲ.

ಇಂತು,
ರಾಹೇಲಮ್ಮ


ಕಡವಿಲ್ ಮನೆ
10 ನವೆಂಬರ್ 1974, ಭಾನುವಾರ ಮಧ್ಯಾಹ್ನ

ಬೀಗಿತಿಯವರೇ,

ನೀವು ಬರೆಯದಿದ್ದರೇನು, ನಾನು ಬರೆಯುತ್ತೇನೆ. ನಿಮ್ಮ ಪತ್ರ ಪಟ್ಟಣದವರೆಗೆ ಹೋಗಿ, ಅಲ್ಲಿ ಮುದ್ರೆ ಹಾಕಿಸಿಕೊಂಡು, ಗದ್ದೆಯ ಈಚೆ ಬಂದು ಸೇರಿತು. ಕೊಡುವಾಗ ಅಂಚೆಯವನು ನಕ್ಕ. ನಾನೂ ನಕ್ಕೆ.

ಮಗುವನ್ನು ಇವತ್ತೂ ಕೆಳಗಿನ ಚರ್ಚಿಗೇ ಕರೆದುಕೊಂಡು ಹೋದೆ. ಬೈಯುವ ಮುಂಚೆ ಪೂರ್ತಿ ಓದಿ. ಬೆಳಕು ಹರಿಯುವ ಮೊದಲೇ ಎಬ್ಬಿಸಿ, ಹೊಳೆಯ ನೀರು ಕಾಯಿಸಿ ಮೀಯಿಸಿದೆ. ಜಡೆ ಹೆಣೆಯುವುದರಲ್ಲಿ ಸೋತೆ. ದೋಣಿ ಕಟ್ಟುವವನು ನಾನು, ಹಲಗೆಗೆ ಹಲಗೆ ಸೇರಿಸಿ ತೆಂಗಿನ ಹಗ್ಗದಿಂದ ಹೊಲಿದರೆ ನೀರು ನುಸುಳುವುದಿಲ್ಲ. ನಾಲ್ಕು ವರ್ಷದ ಹುಡುಗಿಯ ಕೂದಲು ಮಾತ್ರ ಕೈಗೆ ನಿಲ್ಲುವುದಿಲ್ಲ. ಕೊನೆಗೆ ತಲೆಗೆ ಬಿಳಿ ಬಟ್ಟೆ ಕಟ್ಟಿದೆ. ಅವಳು ಎರಡು ಬಾಳೆಹಣ್ಣು ತಿಂದಳು, ನಾನು ಉಪವಾಸ. ಅದನ್ನು ಚರ್ಚಿನಲ್ಲಿ ಹಿಂದೆ ನಿಂತವರಿಗೆಲ್ಲ ಹೇಳಿದಳು.

ಬಲಿಪೀಠದ ಮುಂದೆ ಪರದೆ ಎಳೆದು ಪಾದ್ರಿ ಮರೆಯಾದರಲ್ಲ, ಆಗ ನನ್ನ ಮುಂಡು ಜಗ್ಗಿ ಕೇಳಿದಳು: “ಅಪ್ಪಚ್ಚ, ಅಚ್ಚನ್ ಯಾಕೆ ಅಡಗಿಕೊಂಡ್ರು? ನಾವು ಹೋಗಿ ಹುಡುಕ್ಬೇಕಾ?” ಮೆಲ್ಲಗೆ ಕೇಳುವುದು ಅವಳಿಗೆ ಬರುವುದಿಲ್ಲ. ಪರದೆ ಸರಿದು ಬಲಿಪೀಠದ ಗೆಜ್ಜೆಗಳು ಗಲಗಲ ಅಂದಾಗ ಚಪ್ಪಾಳೆ ತಟ್ಟಿದಳು. ಆಮೇಲೆ ಬೇಜಾರಾಗಿ ಹೊರಗೆ ಹೋಗಿ ಬಾಗಿಲಲ್ಲಿದ್ದ ಚಪ್ಪಲಿಗಳನ್ನೆಲ್ಲ ತನಗೆ ಚೆಂದ ಕಂಡ ಹಾಗೆ ಜೋಡಿ ಮಾಡಿಟ್ಟಿದ್ದಳು. ಕುರ್ಬಾನದ ಪ್ರಾರ್ಥನೆ ಮುಗಿದ ಮೇಲೆ ಊರಿನ ಅರ್ಧ ಜನ ಒಂದು ಕಾಲಿಗೆ ಒಂದು, ಇನ್ನೊಂದು ಕಾಲಿಗೆ ಮತ್ತೊಂದು ಹಾಕಿಕೊಂಡು ಮನೆಗೆ ಹೋದರು.

ನಮ್ಮ ನಿಮ್ಮ ಅಜ್ಜಂದಿರು ಹಬ್ಬದ ಮೆರವಣಿಗೆಯಲ್ಲಿ ರೇಷ್ಮೆ ಕೊಡೆ ಯಾರು ಹಿಡಿಯಬೇಕು ಎಂದು ಜಗಳವಾಡಿ ಒಂದು ಚರ್ಚನ್ನು ಎರಡು ಮಾಡಿದರು. ರಸ್ತೆಯ ಆಚೆ ನಿಮ್ಮದು, ಈಚೆ ನಮ್ಮದು. ಅದೇ ಗಂಟೆ, ಅದೇ ಹೊತ್ತು, ಅದೇ ಪ್ರಾರ್ಥನೆ. ಕಡವಿಲ್ ಮನೆಯ ಕಾಲು ನಿಮ್ಮ ಚರ್ಚಿನ ಹೊಸಿಲು ದಾಟಬಾರದು ಎಂದು ನಮ್ಮಜ್ಜ ಆಣೆಯಿಟ್ಟು ಹೋದರು. ಆಣೆಯನ್ನು ನಾನು ಇಟ್ಟಿದ್ದಲ್ಲ, ಮುರಿಯುವುದೂ ನನ್ನಿಂದಾಗದು.

ಹೆಂಡತಿ ತೀರಿಕೊಂಡ ಮೇಲೆ ಚರ್ಚಿಗೆ ಒಬ್ಬನೇ ಹೋಗಿ ಒಬ್ಬನೇ ಬರುತ್ತಿದ್ದೆ. ಈಗ ಹೋಗುವಾಗಲೂ ಬರುವಾಗಲೂ ಬಾಯಿಗೆ ಬಿಡುವಿಲ್ಲ. ಆದ್ದರಿಂದ ಭಾನುವಾರವನ್ನು ಬಿಟ್ಟುಕೊಡಲಾರೆ.

ನಿಮ್ಮ ಬೀಗ,
ಉಲಹನ್ನಾನ್


ತೆಕ್ಕೇಪರಂಬಿಲ್ ಮನೆ
18 ನವೆಂಬರ್ 1974

ಉಲಹನ್ನಾನ್ ಅವರಿಗೆ,

ಚಪ್ಪಲಿಯ ವಿಷಯ ಓದಿ ನಗು ಬಂತು. ಅದು ಮಗುವಿನ ಮೇಲಿನ ನಗು, ನಿಮ್ಮ ಪಾಲು ಅದರಲ್ಲಿಲ್ಲ.

ನೀವು ನಿಮ್ಮ ಕಾರಣ ಬರೆದಿದ್ದೀರಿ, ನಾನು ನನ್ನದನ್ನು ಬರೆಯುತ್ತೇನೆ. ಓದಿ ಹರಿದುಹಾಕಿ. ನನಗೆ ಮೂವರು ಗಂಡುಮಕ್ಕಳು. ಚಿಕ್ಕವರಿದ್ದಾಗ ಹೆಂಗಸರ ಕಡೆ ನನ್ನ ಹತ್ತಿರ ನಿಲ್ಲುತ್ತಿದ್ದರು. ಏಳು ತುಂಬಿದ ಕೂಡಲೇ ಅವರಪ್ಪ ಕೈಹಿಡಿದು ಗಂಡಸರ ಕಡೆಗೆ ಕರೆದೊಯ್ದರು. ಮೂವರಲ್ಲಿ ಒಬ್ಬನಾದರೂ ತಿರುಗಿ ನೋಡಲಿಲ್ಲ, ದೊಡ್ಡವರಾದೆವು ಎಂಬ ಜಂಭ. ಅದು ಸರಿಯೇ, ಗಂಡುಮಕ್ಕಳು ಹೋಗಲೇಬೇಕು. ಆದರೆ ಅಂದಿನಿಂದ ಇವತ್ತಿನವರೆಗೆ ಚರ್ಚಿನಲ್ಲಿ ನನ್ನ ಪಕ್ಕ ನನ್ನವರು ಅಂತ ಯಾರೂ ನಿಂತಿಲ್ಲ. ಬೇರೆಯವರ ಹೆಣ್ಣುಮಕ್ಕಳು ತಾಯಂದಿರ ಮುಂಡಿನ ಹಿಂಬದಿಯ ನಿರಿಗೆಯನ್ನು ಎಳೆದೆಳೆದು ಕೆಡಿಸುತ್ತಾರೆ, ತಾಯಂದಿರು ಗದರುತ್ತಾರೆ. ನನ್ನ ನಿರಿಗೆ ಮನೆಯಿಂದ ಹೋದ ಹಾಗೇ ಮನೆಗೆ ಬರುತ್ತದೆ.

ಸೋಸ ಸೊಸೆಯಾಗಿ ಬಂದಾಗ ಅವಳಾದರೂ ನಿಲ್ಲುತ್ತಾಳೆ ಅಂದುಕೊಂಡೆ. ಮದುವೆಯಾದ ವಾರಕ್ಕೇ ಭಿಲಾಯಿಗೆ ಹೋದಳು.

ಒಂದೇ ಒಂದು ಭಾನುವಾರ ಕೊಡಿ. ಇದಕ್ಕಿಂತ ಹೆಚ್ಚು ಬೇಡಿಕೊಳ್ಳುವುದು ನನಗೆ ಗೊತ್ತಿಲ್ಲ.

ರಾಹೇಲಮ್ಮ


ಕಡವಿಲ್ ಮನೆ
15 ಡಿಸೆಂಬರ್ 1974, ಭಾನುವಾರ

ಬೀಗಿತಿಯವರೇ,

ನಿಮ್ಮ ಪತ್ರಕ್ಕೆ ಉತ್ತರ ಬರೆಯಲು ಎಷ್ಟೋ ಸಲ ಕೂತು ಎದ್ದಿದ್ದೇನೆ. ಕೊಡುತ್ತೇನೆ ಎನ್ನಲು ಮನಸ್ಸಾಗಲಿಲ್ಲ, ಕೊಡುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ಅಷ್ಟರಲ್ಲಿ ಇವತ್ತು ಬೆಳಿಗ್ಗೆ ಹೀಗಾಯಿತು. ನಿಮ್ಮ ಕಡೆ ಆದದ್ದು ನಿಮಗೆ ಗೊತ್ತು. ನಮ್ಮ ಕಡೆಯದನ್ನು ಹೇಳಿಬಿಡುತ್ತೇನೆ.

ಸಮಾಧಾನ ಹಂಚುವ ಹೊತ್ತು, ಕೈಯಸೂರಿ, ಬಂತು. ಅಚ್ಚನ್ ಬಲಿಪೀಠದಿಂದ ಕೊಟ್ಟ ಸಮಾಧಾನ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುತ್ತ ನನ್ನ ಕೈಗೆ ಬಂದಾಗ ಬಗ್ಗಿ ಕುಂಜಿಯ ಕೈಗೂ ಕೊಟ್ಟೆ. ಪ್ರತಿ ವಾರ ಅವಳು ಹಿಂದೆ ನಿಂತ ಇಟ್ಟಿಯವಿರನ ಮೊಣಕಾಲು ಮುಟ್ಟಿ ದಾಟಿಸುತ್ತಾಳೆ. ಇವತ್ತು ದಾಟಿಸಲಿಲ್ಲ. ಕೈ ಮುಚ್ಚಿಕೊಂಡು, ನಿಮ್ಮ ಚರ್ಚಿನ ಕಡೆ ನೋಡಿ, “ಇದು ಅಮ್ಮಚ್ಚಿಗೂ ಹೋಗತ್ತಾ?” ಎಂದು ಕೇಳಿದಳು. “ಇಲ್ಲಿಂದ ಅಲ್ಲಿಗೆ ಹೋಗಲ್ಲ ಮಗು, ನಡುವೆ ರಸ್ತೆ ಇದೆಯಲ್ಲ,” ಎಂದೆ. ಬೇರೇನೂ ಹೇಳಲಿಲ್ಲ, ಸತ್ಯವಾಗಿ. ಇಟ್ಟಿಯವಿರ ತನಗೆ ಬರಲಿಲ್ಲವೆಂದು ಕೆಮ್ಮಿದ. ಅವನಿಗೆ ಕೊಟ್ಟು ತಿರುಗುವಷ್ಟರಲ್ಲಿ ಮಗು ಇಲ್ಲ.

ಬರಿಗಾಲಲ್ಲಿ ಓಡಿದೆ. ರಸ್ತೆಯಲ್ಲಿ ಬಸ್ಸು ನಿಂತಿತ್ತು. ಡ್ರೈವರು ನಿಲ್ಲಿಸಿದ್ದ, ಏಕೆಂದರೆ ನಡುರಸ್ತೆಯಲ್ಲಿ ಒಂದು ಬಿಳಿ ಫ್ರಾಕು ಎರಡು ಮುಷ್ಟಿ ಎದೆಗೊತ್ತಿಕೊಂಡು ಮೆಲ್ಲಗೆ, ನೀರು ತುಂಬಿದ ಬಟ್ಟಲು ಒಯ್ಯುವವರಂತೆ ನಡೆಯುತ್ತಿತ್ತು. ಮಾತಾಡಿಸಲು ಹೆದರಿದೆ. ಅವಳು ನಿಮ್ಮ ಮೆಟ್ಟಿಲು ಹತ್ತಿದಳು, ನಾನು ಹೊಸಿಲಲ್ಲೇ ನಿಂತೆ. ಕಂಬದ ಹತ್ತಿರ ನಿಂತಿದ್ದ ನಿಮ್ಮ ಮುಂದೆ ಹೋಗಿ ಮುಷ್ಟಿ ತೆರೆದಳು. ನಿಮ್ಮ ಎರಡು ಕೈಯೂ ತಾವಾಗಿಯೇ ಮೇಲೆ ಬಂದದ್ದನ್ನು ನೋಡಿದೆ.

ನಿಮ್ಮ ಮುಖವನ್ನೂ ನೋಡಿದೆ. ಅದರ ವಿಷಯ ಬರೆಯುವುದಿಲ್ಲ.

ಉಲಹನ್ನಾನ್


ತೆಕ್ಕೇಪರಂಬಿಲ್ ಮನೆ
17 ಡಿಸೆಂಬರ್ 1974

ಬೀಗರೇ,

ಇಲ್ಲಿ ದೊಡ್ಡ ರಗಳೆಯಾಗಿದೆ.

ಯಾರಾದರೂ ಕೈ ನೀಡಿದರೆ ನಮ್ಮ ಕೈ ಮುಂದೆ ಹೋಗುತ್ತದೆ, ಹುಟ್ಟಿದಾಗಿನಿಂದ ಬಂದ ಅಭ್ಯಾಸ. ಅಷ್ಟಕ್ಕೇ ನಿಂತಿದ್ದರೆ ಸರಿ. ನಾನು ತಿರುಗಿ ಹಿಂದಿನ ಥಾಂಡಮ್ಮನಿಗೂ ಕೊಟ್ಟುಬಿಟ್ಟೆ! ಅವಳು ಅವಳ ಹಿಂದಿನವಳಿಗೆ ಕೊಟ್ಟಳು. ನಮ್ಮ ಅಚ್ಚನ್ ನಿಧಾನ ಎಂದು ನಿಮಗೆ ಗೊತ್ತೇ ಇದೆ, ನಮ್ಮ ಕೈಯಸೂರಿ ಇನ್ನೂ ಬಲಿಪೀಠವನ್ನೇ ಬಿಟ್ಟಿರಲಿಲ್ಲ. ಅದು ಕೊನೆಗೂ ನನ್ನ ತನಕ ಬಂದು, ನಾನು ಮತ್ತೆ ತಿರುಗಿದರೆ ಹಿಂದಿನವರೆಲ್ಲ, “ನಮಗಾಗಲೇ ಬಂತು,” ಎಂದರು. ಹೀಗೆ ಮೇಲಿನ ಚರ್ಚಿನ ಅರ್ಧ ಹೆಂಗಸರಿಗೆ ಕೆಳಗಿನ ಚರ್ಚಿನ ಸಮಾಧಾನ ಸಿಕ್ಕಿದೆ.

ನಿನ್ನೆ ಸಂಜೆ ಚರ್ಚಿನ ಕಮಿಟಿ ಸೇರಿತು. ಅದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ದೀಪ ಹಚ್ಚುವವರೆಗೆ ವಾದ ಮಾಡಿದರು. ಥಾಂಡಮ್ಮನ ಗಂಡ ಕೇಳಿದನಂತೆ, ಅವಳು ಭಾನುವಾರದಿಂದ ಮನೆಯಲ್ಲಿ ಜಗಳ ಮಾಡಿಲ್ಲ, ಅದನ್ನು ವಾಪಸು ಕೊಡಬೇಕಾ ಎಂದು. ಅವನನ್ನು ಹೊರಗೆ ಕಳಿಸಿದರು. ಕೊನೆಗೆ ತೀರ್ಮಾನವಾದದ್ದು ಇದು: ನಾನು ಒಂದು ಭಾನುವಾರ ಕುರ್ಬಾನದ ನಂತರ ಬಾಗಿಲಲ್ಲಿ ನಿಂತು, ಎಲ್ಲರ ಮುಂದೆ ತಪ್ಪಾಯಿತು ಎನ್ನಬೇಕು. ಅಲ್ಲಿಯವರೆಗೆ ಮಗು ನಮ್ಮ ಚರ್ಚಿಗೆ ಕಾಲಿಡಬಾರದು.

ಕ್ರಿಸ್‌ಮಸ್‌ಗೆ ಅಚ್ಚಪ್ಪದ ತಿಂಡಿ ಕರಿಯುತ್ತಿದ್ದೇವೆ. ಡಬ್ಬಿಯನ್ನು ಮರಿಯಳ ಕೈಯಲ್ಲಿ ಕಳಿಸುತ್ತೇನೆ, ಅಂಚೆಯಲ್ಲಿ ಹಾಕಿದರೆ ಪುಡಿಯಾಗುತ್ತದೆ.

ರಾಹೇಲಮ್ಮ


ಕಡವಿಲ್ ಮನೆ
8 ಜನವರಿ 1975

ಬೀಗಿತಿಯವರೇ,

ತಂತಿ ನಿಮಗೂ ಬಂದಿರಬೇಕು. ಗಂಡುಮಗು, ಇಬ್ಬರೂ ಕ್ಷೇಮ. ಕುಂಜಿಗೆ ಹೇಳಿದರೆ, ತಮ್ಮನಿಗೆ ಹಲ್ಲು ಬಂದ ಮೇಲೆ ನೋಡುತ್ತೇನೆ ಎಂದಳು. ತಿಂಗಳ ಕೊನೆಗೆ ಪುನ್ನೂಸ್ ಬಂದು ಇವಳನ್ನು ಕರೆದುಕೊಂಡು ಹೋಗುತ್ತಾನಂತೆ. ಅಷ್ಟರಲ್ಲಿ ಉಳಿದ ಭಾನುವಾರಗಳನ್ನು ನಾನು ಎಣಿಸಿದೆ. ನೀವೂ ಎಣಿಸಿರುತ್ತೀರಿ.

ನನ್ನ ಮಾತು ಕೇಳಿ. ಆ ಒಂದು ಮಾತು ಹೇಳಿ ಮುಗಿಸಿಬಿಡಿ. ‘ತಪ್ಪಾಯಿತು’ ಎನ್ನಲು ಎಷ್ಟು ಹೊತ್ತು ಬೇಕು? ಹೇಳಿದ ಮರುವಾರ ಮಗು ನಿಮ್ಮ ಪಕ್ಕದಲ್ಲಿ. ನಾನೇ ಬಾಗಿಲವರೆಗೆ ತಂದು ಬಿಡುತ್ತೇನೆ. ಇದನ್ನು ಬರೆಯುವುದು ನನಗೆ ಎಷ್ಟು ಕಷ್ಟವಾಯಿತು ಎಂದು ಹೇಳಿಕೊಳ್ಳುವುದಿಲ್ಲ.

ಅಚ್ಚಪ್ಪ ಮುಗಿಯಿತು. ಡಬ್ಬಿ ವಾಪಸು ಕಳಿಸಿದ್ದೇನೆ, ಒಳಗೆ ಕರಿಮೀನು ಇದೆ.

ಉಲಹನ್ನಾನ್


ತೆಕ್ಕೇಪರಂಬಿಲ್ ಮನೆ
14 ಜನವರಿ 1975

ಬೀಗರೇ,

ಹೇಳುವುದಿಲ್ಲ.

ಹಟ ಎಂದುಕೊಳ್ಳಬೇಡಿ. ನಾನು ಸುಮ್ಮನೆ ಎಷ್ಟೋ ತಪ್ಪಾಯಿತುಗಳನ್ನು ಹೇಳಿದವಳು. ಅತ್ತೆಗೆ ಹೇಳಿದ್ದೇನೆ, ಗಂಡನಿಗೆ ಹೇಳಿದ್ದೇನೆ, ಉಪ್ಪು ಸರಿಯಾಗಿದ್ದ ಸಾರಿಗೂ ಹೇಳಿದ್ದೇನೆ. ಆದರೆ ಇಲ್ಲಿ ನಾನು ತೆಗೆದುಕೊಂಡದ್ದು ತಪ್ಪೆಂದರೆ ಅವಳು ತಂದದ್ದೂ ತಪ್ಪಾಗುತ್ತದೆ. ರಸ್ತೆ ದಾಟಿ, ಬಸ್ಸು ನಿಲ್ಲಿಸಿ, ಒಂದು ಹನಿಯೂ ಚೆಲ್ಲದ ಹಾಗೆ ತಂದಿದ್ದಾಳೆ. ನನಗೆ ಯಾರೂ ಹಾಗೆ ಏನನ್ನೂ ತಂದುಕೊಟ್ಟಿಲ್ಲ. ಆ ಮಗುವಿನ ಕಿವಿಗೆ ಬೀಳುವಂತೆ ಅದು ತಪ್ಪು ಎಂದು ಬಾಗಿಲಲ್ಲಿ ನಿಂತು ಹೇಳಲಾ? ಅವಳು ನನ್ನ ಪಕ್ಕ ನಿಲ್ಲದೆಯೇ ಹೋದರೂ ಸರಿ, ಹೇಳಲಾರೆ.

ಕರಿಮೀನು ಚೆನ್ನಾಗಿತ್ತು. ಹುಣಸೆ ಸ್ವಲ್ಪ ಹೆಚ್ಚು.

ರಾಹೇಲಮ್ಮ


ಕಡವಿಲ್ ಮನೆ
20 ಜನವರಿ 1975

ಪ್ರೀತಿಯ ಸೋಸ,

ನಿನ್ನ ಅಪ್ಪನಿಗೆ ತಲೆ ಕೆಟ್ಟಿದೆ ಎಂದು ಊರಿನಿಂದ ಯಾರಾದರೂ ಬರೆದರೆ ನಂಬಬೇಡ. ನಾನೇ ಬರೆದರೆ ನಂಬು.

ನಿನ್ನೆ ನಾನು ಮೇಲಿನ ಚರ್ಚಿನ ಒಳಗೆ ಹೋದೆ. ಹೌದು, ನಾನೇ. ನಿನ್ನ ಅತ್ತೆ ಎಲ್ಲರ ಮುಂದೆ ತಪ್ಪು ಒಪ್ಪಿಕೊಳ್ಳಬೇಕು, ಇಲ್ಲದಿದ್ದರೆ ಕುಂಜಿಯನ್ನು ಒಳಗೆ ಬಿಡುವುದಿಲ್ಲ ಎಂದು ಅಲ್ಲಿಯ ಕಮಿಟಿಯವರು ಹೇಳಿದ್ದರಲ್ಲ, ಆಯಮ್ಮ ಒಪ್ಪಲಿಲ್ಲ. ಆಯಮ್ಮನ ಪತ್ರ ಓದಿದ ಮೇಲೆ ನಾಲ್ಕು ದಿನ ನನಗೆ ಉಳಿ ಹಿಡಿಯಲು ಮನಸ್ಸಿಲ್ಲ. ಭಾನುವಾರ ಬೆಳಿಗ್ಗೆ ಮಗುವಿನ ಕೈ ಹಿಡಿದುಕೊಂಡು ರಸ್ತೆ ದಾಟಿದೆ. ಮಗುವನ್ನು ಹೊಸಿಲ ಹೊರಗೆ ನಿಲ್ಲಿಸಿ, ಅಜ್ಜನ ಆಣೆಯನ್ನು ನೆನೆದು, ಬಲಗಾಲು ಒಳಗಿಟ್ಟೆ. ಮೇಲಿಂದ ಏನೂ ಬೀಳಲಿಲ್ಲ. ಕುರ್ಬಾನ ಪೂರ್ತಿ ಹೊಸಿಲ ಒಳಗೆ ನಾನು, ಹೊರಗೆ ಅವಳು, ನಡುವೆ ನಮ್ಮಿಬ್ಬರ ಕೈ. ಮುಗಿದ ಮೇಲೆ ಜನ ಹೊರಡುವ ಮೊದಲೇ ಬಾಗಿಲಲ್ಲಿ ನಿಂತು ಹೇಳಿದೆ: “ತಪ್ಪು ನಂದು. ಮಗು ಕೈ ಬಿಟ್ಟಿದ್ದು ನಾನು. ಏನಿದ್ರೂ ನನ್ನ ಕೇಳಿ, ಆಯಮ್ಮನ್ನ ಕೇಳ್ಬೇಡಿ.”

ಹೇಳಿ, ಆಯಮ್ಮನ ಮುಖ ನೋಡೋಣವೆಂದು ಹೆಂಗಸರ ಕಡೆ ತಿರುಗಿದರೆ ಕಂಬದ ಹತ್ತಿರ ಯಾರೂ ಇಲ್ಲ. ಎಲ್ಲಿ ಎಂದು ಕೇಳಿದರೆ ಥಾಂಡಮ್ಮ ಬಾಯಿಗೆ ಬಟ್ಟೆ ಹಿಡಿದುಕೊಂಡು ರಸ್ತೆಯ ಕಡೆ ಕೈ ತೋರಿಸಿದಳು.

ಸೋಸ, ನಿನ್ನ ಅತ್ತೆ ನಮ್ಮ ಚರ್ಚಿಗೆ ಹೋಗಿದ್ದರು. ಮಗುವನ್ನು ತನ್ನ ಕಡೆ ಬಿಡದಿದ್ದರೆ ತಾನೇ ಮಗು ಇರುವ ಕಡೆ ಹೋಗಿ ನಿಲ್ಲುತ್ತೇನೆ ಎಂದು, ಗರಿಗರಿ ಬಿಳಿ ಬಟ್ಟೆ ಉಟ್ಟು, ಕಿವಿಗೆ ಬಳೆಯಂಥ ದೊಡ್ಡ ಬಂಗಾರದ ಓಲೆ ಹಾಕಿಕೊಂಡು, ಕೆಳಗಿನ ಚರ್ಚಿನ ಹೆಂಗಸರ ನಡುವೆ ಒಬ್ಬರೇ ಎರಡು ಗಂಟೆ ನಿಂತಿದ್ದಾರೆ. ಮಗು ಮಾತ್ರ ನನ್ನ ಜೊತೆ ಇಲ್ಲಿ.

ಎರಡೂ ಚರ್ಚು ಒಟ್ಟಿಗೆ ಬಿಟ್ಟವು. ಅವರು ನಮ್ಮ ಗೇಟಿನಿಂದ, ನಾನು ಅವರ ಗೇಟಿನಿಂದ. ನಡುರಸ್ತೆಯಲ್ಲಿ ಎದುರಾದೆವು. ಜನ ಎರಡೂ ಕಡೆ ನಿಂತುಬಿಟ್ಟರು. ಐದು ವರ್ಷಗಳ ನಂತರ ಆಯಮ್ಮ ನನ್ನ ಜೊತೆ ಬಾಯಿಬಿಟ್ಟು ಆಡಿದ ಮೊದಲ ಮಾತು ಇದು: “ಅಲ್ಲೇನ್ ಮಾಡ್ತಿದ್ರಿ?”

“ನಿಮ್ಮ ತಪ್ಪು ಒಪ್ಕೊಂಡ್ ಬಂದೆ.”

“ನನ್ನ ತಪ್ಪು ಒಪ್ಕೊಳ್ಳೋಕೆ ನಿಮಗ್ಯಾರು ಹೇಳಿದ್ದು?”

“ನೀವು ಅಲ್ಲೇನ್ ಮಾಡ್ತಿದ್ರಿ?”

“ಮಗು ಪಕ್ಕ ನಿಲ್ಲೋಣ ಅಂತ ಹೋದೆ. ಹೋದ್ರೆ ಮಗೂನೇ ಇಲ್ಲ.”

ಅಷ್ಟು ಹೇಳಿ ನಕ್ಕರು ನೋಡು. ಆಯಮ್ಮನಿಗೆ ಅಷ್ಟು ಹಲ್ಲಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಕುಂಜಿ ಏನೂ ತಿಳಿಯದೆ ನಮಗಿಂತ ಜೋರಾಗಿ ನಕ್ಕಳು. ಆಮೇಲೆ ಮೂವರೂ ನಮ್ಮ ಮನೆಗೆ ಬಂದು ಅಕ್ಕಿ ಅಪ್ಪಂ, ಮೊಟ್ಟೆ ಸಾರು ತಿಂದೆವು.

ಮೇಲಿನ ಕಮಿಟಿಯವರು ನನ್ನ ಮಾತನ್ನು ಒಪ್ಪಿಕೊಂಡಿದ್ದಾರೆ. ಕಡವಿಲ್ ಮನೆಯವನು ಬಂದು ತಪ್ಪು ಒಪ್ಪಿದ್ದೇ ಅವರಿಗೆ ಹಬ್ಬ. ಈಗ ನಮ್ಮ ಕಮಿಟಿ ಸೇರಿದೆ, ನಾನು ಆಚೆ ಕಾಲಿಟ್ಟದ್ದು ತಪ್ಪೆಂದು ಹೇಳಬೇಕಂತೆ. ಅವರು ಕಾಯಲಿ. ಬರುವ ಭಾನುವಾರ ಮಗುವನ್ನು ನಿನ್ನ ಅತ್ತೆಗೆ ಕೊಡುತ್ತೇನೆ. ಅದು ಕೊನೆಯ ಭಾನುವಾರ, ನನಗೆ ಬೇಕಾಗಿತ್ತು, ಆದರೂ ಕೊಡುತ್ತೇನೆ.

ಪುಟ್ಟವನಿಗೆ ಮುತ್ತು.
ನಿನ್ನ ಅಪ್ಪ


ತೆಕ್ಕೇಪರಂಬಿಲ್ ಮನೆ
27 ಜನವರಿ 1975, ಸೋಮವಾರ

ಮಗಳೇ ಸೋಸ,

ಇಷ್ಟು ವರ್ಷ ಪುನ್ನೂಸನ ಪತ್ರದ ಕೆಳಗೆ ನಿನಗೂ ಒಂದು ಸಾಲು ಸೇರಿಸುತ್ತಿದ್ದೆ, ಅಷ್ಟೇ. ಇದು ನಿನಗೇ ಬರೆದ ಪತ್ರ.

ಪುನ್ನೂಸ್ ನಾಳೆ ಮಗುವಿನ ಜೊತೆ ರೈಲು ಹತ್ತುತ್ತಾನೆ. ದಾರಿಗೆ ಅವಲೋಸಿನ ಉಂಡೆ ಕಟ್ಟಿದ್ದೇನೆ, ಬಾಣಂತಿ ಲೇಹ್ಯ ಬೇರೆ ಡಬ್ಬಿಯಲ್ಲಿದೆ. ಅದನ್ನು ನೀನೇ ತಿನ್ನಬೇಕು, ನನ್ನ ಮಗನ ಕೈಗೆ ಡಬ್ಬಿ ಕೊಡಬೇಡ.

ನಿನ್ನೆ ನಿನ್ನ ಅಪ್ಪ ಮಗುವನ್ನು ಮೊದಲ ಗಂಟೆಗೇ ತಂದು ಬಿಟ್ಟರು. ತಲೆ ಬಾಚಿರಲಿಲ್ಲ, ಬಟ್ಟೆ ಕಟ್ಟಿದ್ದರು. ಬಾಗಿಲ ಮರೆಯಲ್ಲಿ ಕೂರಿಸಿಕೊಂಡು ನಾನು ಜಡೆ ಹಾಕಿದೆ. ಒಳಗೆ ಬನ್ನಿ ಎಂದೆ ಅವರಿಗೆ. ಇವತ್ತು ಬೇಡ, ಎರಡೂ ಕಡೆ ನನ್ನನ್ನು ನೋಡಿ ಜನಕ್ಕೆ ಪ್ರಾರ್ಥನೆ ಮರೆತುಹೋಗುತ್ತದೆ ಎಂದು ರಸ್ತೆಬದಿಯ ಮೋರಿಕಟ್ಟೆಯ ಮೇಲೆ ಕೂತರು. ಎರಡೂ ಕುರ್ಬಾನ ಕೇಳಿಸಿತಂತೆ, ನಮ್ಮದು ಅರ್ಧ ಸಾಲು ಹಿಂದೆ. ಮುಂದಿನ ವಾರದಿಂದ ಆ ಕಟ್ಟೆಯೇ ಅವರ ಚರ್ಚಂತೆ. ಹೇಳಿ ನಗುತ್ತಿದ್ದರು, ಆದರೆ ಕಣ್ಣು ಮಗುವಿನ ಮೇಲೇ ಇತ್ತು.

ಮಗು ಒಳಗೆ ಬಂದಳು. ಗಂಡಸರ ಕಡೆ ಒಮ್ಮೆ ನೋಡಿದಳು. ಹೋಗಿಬಿಡುತ್ತಾಳೇನೋ ಅಂದುಕೊಂಡೆ. ಹೋಗಲಿಲ್ಲ. ಬಂದು ನನ್ನ ಎಡಗಡೆ ನಿಂತಳು. ಪುಷ್ಯದ ಚಳಿಗೆ ಚರ್ಚಿನ ನೆಲ ಮಂಜುಗಡ್ಡೆ. ಸ್ವಲ್ಪ ಹೊತ್ತು ಒಂದು ಕಾಲು, ಇನ್ನೊಂದು ಕಾಲು ಎಂದು ಬದಲಾಯಿಸಿ ನೋಡಿದಳು. ಆಮೇಲೆ ನನ್ನನ್ನು ಕೇಳದೆಯೇ ನನ್ನ ಪಾದದ ಮೇಲೆ ತನ್ನ ಎರಡೂ ಪಾದ ಇಟ್ಟು ಹತ್ತಿ ನಿಂತಳು. ಕುರ್ಬಾನ ಮುಗಿಯುವವರೆಗೆ ಇಳಿಯಲಿಲ್ಲ. ಥಾಂಡಮ್ಮ ಎತ್ತಿಕೊಳ್ಳಲು ಬಂದಳು, ಬೇಡ ಎಂದು ಕಣ್ಣಲ್ಲೇ ಗದರಿಸಿದೆ. ಅಚ್ಚನ್ ನಿಧಾನ ಎಂದು ಎಲ್ಲರೂ ದೂರುತ್ತಾರೆ, ನಿನ್ನೆ ಬೇಗ ಮುಗಿಸಿಬಿಟ್ಟರು ಎಂದು ನನಗೆ ಸಿಟ್ಟು ಬಂತು.

ನಾಲ್ಕು ವರ್ಷಕ್ಕೆ ಅವಳು ಒಳ್ಳೇ ಭಾರ ಇದ್ದಾಳೆ, ನಿನ್ನ ಅಪ್ಪ ಚೆನ್ನಾಗಿ ತಿನ್ನಿಸಿದ್ದಾರೆ. ನನ್ನ ಎಡಪಾದ ಇವತ್ತು ಬೆಳಿಗ್ಗೆ ಊದಿಕೊಂಡಿದೆ, ನೆಲಕ್ಕೂರಿದರೆ ನೋವು. ಮರಿಯ ಎಣ್ಣೆ ಬಿಸಿ ಮಾಡಿ ತಂದಳು, ತಿಕ್ಕಿದರೆ ಸಂಜೆಯೊಳಗೆ ಹೋಗುತ್ತದೆ ಎಂದಳು.

ಹಚ್ಚಬೇಡ ಎಂದೆ. ಇನ್ನೂ ಎರಡು ದಿನ ಇರಲಿ.

ನಿನ್ನ ಅಮ್ಮ,
ರಾಹೇಲಮ್ಮ